ಕಂಪ್ಯೂಟರಿನ ಜಯ-ವಿಜಯರು

ಕಾಯುವುದರಲ್ಲಿ ಹಲವು ಬಗೆಗಳುಂಟು. ರೈಲಿಗಾಗಿ ಕಾಯುವವನಿಗೆ ಮಾತಿಗೆ ನೂರು ಜನ ಸಿಗುತ್ತಾರೆ. ಡಿಕಾಕ್ಷನ್ ಇಳಿಯಲೆಂದು ಕಾಯುವ ಗೃಹಿಣಿಗೆ ಪರಿಮಳದ ಸಮಾಧಾನವಾದರೂ ಇರುತ್ತದೆ. ಗುಂಡಿಯನ್ನು ಒತ್ತಿ, ಕೈಕಟ್ಟಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತವರ ಪಾಡು ಮಾತ್ರ ಬೇರೆ. ಪರದೆಯ ಮೇಲೆ ಬಿಳಿಯ ಚುಕ್ಕೆಗಳು ಒಂದರ ಹಿಂದೆ ಒಂದು ವೃತ್ತಾಕಾರವಾಗಿ ಓಡುತ್ತಿರುತ್ತವೆ. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ಈ ಚುಕ್ಕೆಗಳ ಸುತ್ತಾಟದಿಂದ ಬರುವುದು ಸಿಟ್ಟು ಮಾತ್ರ. ಆ ಸಿಟ್ಟಿಗೆ ಬಹುಬೇಗ ಒಂದು ಗುರಿಯೂ ಸಿಕ್ಕಿಬಿಡುತ್ತದೆ. ಪರದೆಯ ಮೂಲೆಯಲ್ಲಿ ಗುರಾಣಿಯ ಚಿಹ್ನೆ ಹೊತ್ತು ಕುಳಿತಿರುವ ಆ್ಯಂಟಿವೈರಸ್ಸೇ ಆ ಗುರಿ.

ಪುರಾಣ ಬಲ್ಲವರಿಗೆ ಇದು ಹೊಸ ಕಥೆಯೇನಲ್ಲ. ವೈಕುಂಠದ ಬಾಗಿಲಲ್ಲಿ ಜಯ-ವಿಜಯರು ನಿಂತಿದ್ದರು. ಸನಕಾದಿ ಮುನಿಗಳು ಬಂದರು, ನೋಡಲು ಬಾಲಕರಂತಿದ್ದರು. ದ್ವಾರಪಾಲಕರು ತಡೆದರು, ಮುನಿಗಳು ಶಪಿಸಿದರು. ತಡೆಯುವುದು ದ್ವಾರಪಾಲಕರ ಕೆಲಸವೇ ಆಗಿತ್ತು. ತಡೆಯಬಾರದವರನ್ನು ತಡೆದದ್ದು ಅವರ ತಪ್ಪು. ಆದರೆ ಬಾಗಿಲಲ್ಲಿ ಕಾವಲೇ ಬೇಡವೆಂದು ಆ ಮುನಿಗಳೂ ಹೇಳಲಿಲ್ಲ. ಕಂಪ್ಯೂಟರಿನ ಮುಂದೆ ಶಾಪ ಹಾಕುತ್ತ ಕುಳಿತವರು ಮರೆಯುವುದು ಈ ಕೊನೆಯ ಅಂಶವನ್ನು.

ಕಾವಲುಗಾರನು ಬೇರೆಲ್ಲಿಯೂ ನಿಲ್ಲದೆ, ಯಂತ್ರ ಏಳುವ ಹೊತ್ತಿನಲ್ಲಿ, ಹೊಸ್ತಿಲ ಮೇಲೆಯೇ ಏಕೆ ನಿಲ್ಲುತ್ತಾನೆ? ಏಕೆಂದರೆ ಮೊದಮೊದಲ ಕಳ್ಳರು ಬಂದು ಅಡಗಿದ್ದು ಅಲ್ಲಿಯೇ. ೧೯೮೬ರಲ್ಲಿ ಲಾಹೋರಿನ ಇಬ್ಬರು ಸೋದರರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ, ‘ಬ್ರೈನ್’ ಎಂಬ ಪ್ರೋಗ್ರಾಮನ್ನು ಬರೆದರು. ತಮ್ಮ ವೈದ್ಯಕೀಯ ಸಾಫ್ಟ್‌ವೇರನ್ನು ನಕಲು ಮಾಡುವವರನ್ನು ಹಿಡಿಯಲು ಹಾಗೆ ಮಾಡಿದೆವೆಂದು ಅವರು ಹೇಳಿದ್ದುಂಟು. ಐಬಿಎಂ ಮಾದರಿಯ ಪಿಸಿಗಳ ಮೊದಲ ವೈರಸ್ ಎಂದು ಹೆಸರಾದ ಈ ಬ್ರೈನ್, ಫ್ಲಾಪಿ ತಟ್ಟೆಯ ‘ಬೂಟ್ ಸೆಕ್ಟರ್’ ಎಂಬ ಜಾಗದಲ್ಲಿ ಹೋಗಿ ಕೂರುತ್ತಿತ್ತು. ಯಂತ್ರವು ಎಚ್ಚರಗೊಂಡೊಡನೆ ಮೊಟ್ಟಮೊದಲು ಓದುವುದು ಅದನ್ನೇ. ಮನೆಯವರು ಕಣ್ಣುಜ್ಜಿಕೊಂಡು ಏಳುವ ಮೊದಲೇ ಕಳ್ಳನು ಯಜಮಾನನ ಕುರ್ಚಿಯಲ್ಲಿ ಕುಳಿತಿರುತ್ತಿದ್ದ! ಸೋದರರು ಅದರೊಳಗೆ ತಮ್ಮ ಅಂಗಡಿಯ ವಿಳಾಸವನ್ನೂ ಟೆಲಿಫೋನ್ ನಂಬರನ್ನೂ ಬರೆದಿಟ್ಟಿದ್ದರು. ಅನಂತರದ ಕಳ್ಳರಿಗೆ ಅಷ್ಟು ಸೌಜನ್ಯವಿರಲಿಲ್ಲ.

ಕಳ್ಳರು ಬಂದ ಮೇಲೆ ಕಾವಲುಗಾರರೂ ಬಂದರು. ನಮ್ಮ ದೇಶದಲ್ಲಿಯೇ, ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿಯ ಅಂಗಡಿಯಿಟ್ಟಿದ್ದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್, ೧೯೯೦ರ ದಶಕದಲ್ಲಿ ಇಂಥದೊಂದು ಕಾವಲನ್ನು ಕಟ್ಟಿ ಮಾರಾಟಕ್ಕಿಟ್ಟರು. ಕಳ್ಳ ಹೊಸ ಉಪಾಯ ಕಲಿತಂತೆಲ್ಲ ಕಾವಲುಗಾರನೂ ಇನ್ನಷ್ಟು ಬೇಗ ಏಳಬೇಕಾಯಿತು. ೨೦೧೨ರಲ್ಲಿ ವಿಂಡೋಸ್ ೮ ಬಂದಾಗ ಅದಕ್ಕೊಂದು ಕ್ರಮವನ್ನೇ ಏರ್ಪಡಿಸಿದರು. ಯಂತ್ರವು ಎಚ್ಚರಗೊಳ್ಳುತ್ತಿರುವಂತೆಯೇ ಆ್ಯಂಟಿವೈರಸ್ಸಿನ ಒಂದು ತುಂಡು ಹೊರಗಿನ ಇತರ ಡ್ರೈವರುಗಳಿಗಿಂತ ಮುಂಚೆ ಎದ್ದು ನಿಂತು, ಅನಂತರ ಬರುವ ಒಂದೊಂದರ ಮುಖವನ್ನೂ ನೋಡುತ್ತದೆ. ‘ಒಳ್ಳೆಯದು’, ‘ಕೆಟ್ಟದ್ದು’, ‘ಗೊತ್ತಿಲ್ಲ’ ಎಂದು ತೀರ್ಪು ಕೊಡುತ್ತದೆ. ಇವುಗಳ ಜೊತೆಗೆ ನಾಲ್ಕನೆಯ ತೀರ್ಪೊಂದುಂಟು: ‘ಕೆಟ್ಟದ್ದು ಹೌದು, ಆದರೆ ಇದಿಲ್ಲದೆ ಯಂತ್ರ ಏಳದು.’ ಮದುವೆಯ ಮನೆಯಲ್ಲಿ ಬೀಗರನ್ನು ಬಲ್ಲವರಿಗೆ ಈ ವರ್ಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪರದೆ ಬೆಳಗಿ, ಚಿತ್ರಗಳೆಲ್ಲ ಮೂಡಿದ ಮೇಲೂ ಕಾವಲುಗಾರನ ಕೆಲಸ ಮುಗಿಯುವುದಿಲ್ಲ. ಭಾರವಾದ ಕೆಲಸ ಆಗ ಪ್ರಾರಂಭವಾಗುತ್ತದೆ. ಕಳ್ಳರ ಗುರುತುಪಟ್ಟಿಯನ್ನು ನೆನಪಿಗೆ ತುಂಬಿಕೊಳ್ಳಬೇಕು. ರಾತ್ರಿ ಬಂದ ಹೊಸ ಗುರುತುಗಳನ್ನು ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳಬೇಕು. ಅದೇ ಹೊತ್ತಿಗೆ ತೆರೆದುಕೊಳ್ಳುವ ನೂರಾರು ಕಡತಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಇದೇ ಕಷ್ಟ. ಹಿಂದಿನ ಲ್ಯಾಪ್‌ಟಾಪುಗಳ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು, ಎಂದರೆ ಸೆಕೆಂಡಿಗೆ ೯೦ ಸುತ್ತು ತಿರುಗುತ್ತದೆ. ಕೇಳಿದ ಅಕ್ಷರವು ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಬೇಕು. ಮೊನೆಯು ಜಾಗದಿಂದ ಜಾಗಕ್ಕೆ ಸರಿಯುವ ಹೊತ್ತು ಬೇರೆ. ಚದುರಿಬಿದ್ದ ಸಣ್ಣಪುಟ್ಟ ಕಡತಗಳಾದರೆ ಸೆಕೆಂಡಿಗೆ ಹೆಚ್ಚೆಂದರೆ ನೂರು ಸಲ ಓದೀತು. ಸಾವಿರಾರು ಬೇಡಿಕೆಗಳು ಒಟ್ಟಿಗೆ ಬಂದಾಗ ಪಡಿತರದ ಅಂಗಡಿಯ ಮುಂದಿನ ಸಾಲಿನಂತೆ ಎಲ್ಲರೂ ನಿಲ್ಲಬೇಕು. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಸಾಲು ಬಲುಬೇಗ ಕರಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಒಂದು ಮನೆಯ ಉದಾಹರಣೆಯನ್ನು ನೋಡಬಹುದು. ಇಂಥ ಮನೆ ಊರೂರಿನಲ್ಲಿಯೂ ಇರುವುದರಿಂದ ಹೆಸರು ಬೇಡ. ಯಜಮಾನರನ್ನು ರಾಯರು ಎಂದರೆ ಸಾಕು. ರಾಯರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಅದು ನವೆಂಬರ್, ತಾವು ಬದುಕಿದ್ದೇವೆಂದು ಪಿಂಚಣಿದಾರರು ಪ್ರಮಾಣಪತ್ರ ಕೊಡಬೇಕಾದ ತಿಂಗಳು. ಅದಕ್ಕೆ ಬೇಕಾದ ಕಾಗದಗಳನ್ನು ಅಚ್ಚು ಹಾಕಿಕೊಳ್ಳಲೆಂದು ರಾಯರು ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದರೆ, ತಾನು ಬದುಕಿರುವುದನ್ನು ತೋರಿಸಲು ಅದಕ್ಕೇ ಆರು ನಿಮಿಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು.

ಸಲಹೆಗಳಿಗೆ ಬರವೆ? ದೂರದೇಶದಲ್ಲಿರುವ ಮಗ ಟೆಲಿಫೋನಿನಲ್ಲಿ, “ಆ ಆ್ಯಂಟಿವೈರಸ್ಸನ್ನು ಕಿತ್ತುಹಾಕಿಬಿಡಿ ಅಪ್ಪ” ಎಂದ. ಅಂಗಡಿಯವನು, “ಫಾರ್ಮ್ಯಾಟ್ ಮಾಡಿಕೊಡುತ್ತೇನೆ ಸರ್, ಇಲ್ಲವೆ ಹೊಸದನ್ನೇ ತೆಗೆದುಕೊಳ್ಳಿ” ಎಂದ. ಪಕ್ಕದ ಮನೆಯವರು ತಮ್ಮಲ್ಲಿರುವ ಇನ್ನೊಂದು ಆ್ಯಂಟಿವೈರಸ್ಸನ್ನೂ ಹಾಕಿಕೊಂಡರೆ ಸರಿಹೋಗುತ್ತದೆಂದರು. ರಾಯರಿಗೆ ಮಗನ ಮಾತು ಹಿಡಿಸಿತು. ಕಿತ್ತುಹಾಕಲು ಸಿದ್ಧರೂ ಆದರು.

ತಡೆದವರು ಅವರ ಪತ್ನಿ. “ನೋಡಿ, ಅದರೊಳಗೆ ಅತ್ತೆಯವರ ಹಾಡುಗಳಿವೆ” ಎಂದರು.

ಅಷ್ಟು ಸಾಕಾಯಿತು. ರಾಯರ ತಾಯಿ ತೀರಿಕೊಳ್ಳುವ ಹಿಂದಿನ ವರ್ಷ ಮಧ್ಯಾಹ್ನಗಳಲ್ಲಿ ಕುಳಿತು ಹಾಡಿದ್ದ ಆರತಿಯ ಹಾಡುಗಳು, ಬತ್ತ ಕುಟ್ಟುವ ಹಾಡುಗಳು, ನಡುನಡುವೆ ಕೆಮ್ಮು, “ಮರೆತೇ ಹೋಯಿತಲ್ಲೋ” ಎಂಬ ನಗು, ಎಲ್ಲವೂ ಆ ಡಿಸ್ಕಿನಲ್ಲಿ ಮಾತ್ರ ಇದ್ದವು. ಬೇರೆಲ್ಲಿಯೂ ಪ್ರತಿಯಿರಲಿಲ್ಲ. ಫಾರ್ಮ್ಯಾಟ್ ಮಾಡಿದರೆ ಅವು ಅಳಿಸಿಹೋಗುತ್ತಿದ್ದವು. ಕಾವಲನ್ನು ತೆಗೆದು ಬಾಗಿಲನ್ನು ತೆರೆದಿಟ್ಟರೆ ಮತ್ತೊಂದು ಭಯ. ೨೦೧೭ರ ಮೇ ೧೨ರಂದು ‘ವನ್ನಾಕ್ರೈ’ ಎಂಬ ಪಿಡುಗು ಹಬ್ಬಿದಾಗ ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿದ್ದಿತ್ತು. ಬೀಗದ ಕೈಗೆ ಮುನ್ನೂರು ಡಾಲರ್ ಕೊಡೆಂದು ಪರದೆಯ ಮೇಲೆ ಬೆದರಿಕೆ ಮೂಡಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದಿತ್ತು. ಹೊಸ ಕಂಪ್ಯೂಟರನ್ನು ದುಡ್ಡು ಕೊಟ್ಟು ತರಬಹುದು. ತಾಯಿಯ ದನಿಯನ್ನು ಯಾವ ಅಂಗಡಿಯಿಂದ ತರುವುದು? ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದರಲ್ಲಿದ್ದ ರಾಯರು ಕೈ ಹಿಂದೆಗೆದರು.

ದೀಪಾವಳಿಗೆ ಬಂದಿದ್ದ ಮೊಮ್ಮಗಳು, ಕಾಲೇಜಿನ ಹುಡುಗಿ, ಯಂತ್ರದ ಮುಂದೆ ಕುಳಿತಳು. ಮೊದಲ ಕೆಲಸವಾಗಿ ಹಾಡುಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಅಜ್ಜಿಯ ಬೀರುವಿನಲ್ಲಿ ಇರಿಸಿದಳು. ಆಮೇಲೆ ಕೇಳಿದಳು: “ತಾತ, ಇದು ಯಾವಾಗಿನಿಂದ ಹೀಗಾಯಿತು?”

“ಮೊದಲಿನಿಂದಲೂ ಹೀಗೇ.”

“ಮೊದಲಿನಿಂದಲೂ ಹೀಗಿದ್ದಿದ್ದರೆ ಕೊಂಡ ಮರುದಿನವೇ ನೀವು ಅಂಗಡಿಗೆ ಹಿಂದಿರುಗಿಸುತ್ತಿದ್ದಿರಿ. ಹೋಗಲಿ, ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ಏನು ಮಾಡುತ್ತಿದ್ದಿರಿ?”

“ಒಂದೊಂದೇ ವೋಚರನ್ನು ತೆಗೆದು ಟಿಕ್ ಹಾಕುತ್ತ ಬರುತ್ತಿದ್ದೆವು. ತಪ್ಪು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ.”

“ಇದೂ ಅದೇ ತಾತ. ಪುಸ್ತಕ ಪೆನ್ಸಿಲು ತನ್ನಿ. ನಾನು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತೇನೆ. ನೀವು ಗಡಿಯಾರ ನೋಡಿ ಬರೆಯಿರಿ.”

ನಿವೃತ್ತ ಬ್ಯಾಂಕ್ ಅಧಿಕಾರಿಯ ಕೈಗೆ ಮತ್ತೆ ಲೆಕ್ಕದ ಪುಸ್ತಕ ಬಂದಿತು. ರಾಯರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾದಂತೆ ಕಂಡಿತೆಂದು ಅವರ ಪತ್ನಿ ಆಮೇಲೆ ಹೇಳುತ್ತಿದ್ದರು.

ಮೊದಲ ದಾಖಲೆ: ಗುಂಡಿ ಒತ್ತಿದಾಗಿನಿಂದ ಒಂದು ಕಾಗದ ತೆರೆಯುವವರೆಗೆ ೬ ನಿಮಿಷ ೨೦ ಸೆಕೆಂಡು. ಅಳೆಯುವುದಕ್ಕೂ ಒಂದು ಕ್ರಮವುಂಟು. ವಿಂಡೋಸ್ ೮ರಿಂದ ಈಚೆಗೆ ‘ಶಟ್ ಡೌನ್’ ಎಂದರೆ ಸಾಮಾನ್ಯವಾಗಿ ಯಂತ್ರವು ಪೂರ್ತಿ ಮಲಗುವುದಿಲ್ಲ. ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದರಿಂದಲೇ ಬೇಗ ಏಳುತ್ತದೆ. ‘ರೀಸ್ಟಾರ್ಟ್’ ಎಂದರೆ ಮಾತ್ರ ಮೊದಲಿನಿಂದ ಏಳುತ್ತದೆ. ಆದ್ದರಿಂದ ಒಂದು ಸಲ ಅದು, ಒಂದು ಸಲ ಇದು ಎಂದು ಬೆರೆಸಿ ಅಳೆದರೆ ಲೆಕ್ಕ ಕೂಡುವುದಿಲ್ಲ. ಮೊಮ್ಮಗಳು ಪ್ರತಿಸಲವೂ ರೀಸ್ಟಾರ್ಟನ್ನೇ ಮಾಡಿಸಿದಳು.

ಅನಂತರ ಅವಳು ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ಎಬ್ಬಿಸಿದಳು. ಅಲ್ಲಿ ವಿಂಡೋಸಿಗೆ ಅತ್ಯವಶ್ಯವಾದವುಗಳಷ್ಟೇ ಏಳುತ್ತವೆ. ಹೊರಗಿನಿಂದ ಬಂದವು ಬಹುಮಟ್ಟಿಗೆ ಮಲಗಿರುತ್ತವೆ. ಆ ಸ್ಥಿತಿಯಲ್ಲಿ ಯಂತ್ರವು ಬೇಗನೆ ಎದ್ದಿತು. ಎಂದರೆ ಯಂತ್ರ ಮುದಿಯಾಯಿತೆಂಬುದೊಂದೇ ಕಾರಣವಲ್ಲ. ತಪ್ಪು ಆಮೇಲೆ ಬಂದು ಸೇರಿದವರಲ್ಲಿದೆ. ಆ ಮೇಲೆ ‘ಟಾಸ್ಕ್ ಮ್ಯಾನೇಜರ್’ ಎಂಬುದನ್ನು ತೆರೆದು ‘ಸ್ಟಾರ್ಟಪ್’ ಪುಟವನ್ನು ತೋರಿಸಿದಳು. ಯಂತ್ರ ಏಳುವಾಗ ತಾವೂ ಏಳುವವರ ಹಾಜರಿ ಪುಸ್ತಕವದು. ಒಬ್ಬೊಬ್ಬರೂ ಹಾಕುವ ಹೊರೆ ಎಷ್ಟೆಂದು ಹೆಸರಿನ ಎದುರಿಗೆ ಬರೆದಿರುತ್ತದೆ. ಏಳುವಾಗ ಒಂದು ಸೆಕೆಂಡಿಗಿಂತ ಹೆಚ್ಚು ಪ್ರೊಸೆಸರಿನ ಕಾಲವನ್ನಾಗಲಿ, ಮೂರು ಎಂಬಿಗಿಂತ ಹೆಚ್ಚು ಡಿಸ್ಕಿನ ಓದುಬರಹವನ್ನಾಗಲಿ ತೆಗೆದುಕೊಂಡರೆ ‘ಹೆಚ್ಚು’ ಎಂದು ಅದು ಗುರುತು ಹಾಕುತ್ತದೆ.

ಇನ್ನೊಂದು ಸಾಕ್ಷಿಯೂ ಇತ್ತು. ‘ಈವೆಂಟ್ ವ್ಯೂಅರ್’ ಎಂಬ ದಿನಚರಿಯಲ್ಲಿ, ಯಂತ್ರದ ಕಾರ್ಯಕ್ಷಮತೆಯನ್ನು ಬರೆದಿಡುವ ವಿಭಾಗದಲ್ಲಿ, ೧೦೦ ಎಂಬ ಸಂಖ್ಯೆಯ ದಾಖಲೆಗಳು ಏಳಲು ಹಿಡಿದ ಕಾಲವನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತವೆ. ೧೦೧, ೧೦೨, ೧೦೩ ಎಂಬವು ತಡಮಾಡಿದ್ದು ಪ್ರೋಗ್ರಾಮೋ, ಡ್ರೈವರೋ, ಸರ್ವಿಸೋ ಎಂದು ಹೆಸರು ಹಿಡಿದು ದೂರುತ್ತವೆ. ಹಿಂದಿನ ತಿಂಗಳುಗಳ ದಾಖಲೆಯನ್ನು ರಾಯರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಜೂನ್ ತಿಂಗಳ ಒಂದು ವಾರದಿಂದ ಸಂಖ್ಯೆ ಒಮ್ಮೆಲೇ ಮೇಲಕ್ಕೇರಿತ್ತು.

“ಜೂನ್ ತಿಂಗಳಲ್ಲಿ ಏನಾಯಿತು ತಾತ?”

ರಾಯರು ಸ್ವಲ್ಪ ಹೊತ್ತು ಯೋಚಿಸಿ, “ಅಂಗಡಿಯಿಂದ ಹೊಸ ಆ್ಯಂಟಿವೈರಸ್ ತಂದು ಹಾಕಿಸಿದೆ” ಎಂದರು.

“ಹಳೆಯದನ್ನು?”

“ಹಳೆಯದು ಎಂದರೆ?”

ಹಳೆಯದು ಎಂದರೆ ಯಂತ್ರವನ್ನು ಕೊಂಡಾಗಲೇ ಅದರ ಜೊತೆಗೆ ಬಂದಿದ್ದ ಮತ್ತೊಬ್ಬ ಕಾವಲುಗಾರ. ಅವನ ಅವಧಿ ಎಂದೋ ತೀರಿದ್ದರೂ ಬಾಗಿಲು ಬಿಟ್ಟು ಕದಲಿರಲಿಲ್ಲ. ಒಂದು ಬಾಗಿಲಿಗೆ ಜಯನೂ ಇದ್ದ, ವಿಜಯನೂ ಇದ್ದ! ಒಬ್ಬನು ಒಂದು ಕಡತವನ್ನು ಪರೀಕ್ಷಿಸಲೆಂದು ತೆರೆದರೆ, “ಯಾರೋ ಕಡತ ತೆರೆದರು” ಎಂದು ಇನ್ನೊಬ್ಬನು ಎಚ್ಚೆತ್ತು ತಾನೂ ಪರೀಕ್ಷಿಸುವನು. ಇಬ್ಬರ ಈ ಮರ್ಯಾದೆಯ ನಡುವೆ ಬಡ ಡಿಸ್ಕು ಎರಡೆರಡು ಸಲ ಸುತ್ತುತ್ತಿತ್ತು. ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್ ಎಂಬುದು ಹೊರಗಿನ ಕಾವಲುಗಾರ ಬಂದನೆಂದರೆ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಹೊರಗಿನವರಿಬ್ಬರೂ ಒಟ್ಟಿಗೆ ನಿಂತರೆ ಅಂಥ ವಿನಯವನ್ನು ನಿರೀಕ್ಷಿಸುವಂತಿಲ್ಲ. ರಕ್ಷಣೆ ಇಮ್ಮಡಿಯಾಗದು, ಜಗಳ ಇಮ್ಮಡಿಯಾಗುತ್ತದೆ.

ಮೊಮ್ಮಗಳು ಇಂಟರ್‌ನೆಟ್ಟಿನ ಸಂಪರ್ಕವನ್ನು ತಪ್ಪಿಸಿ, ಅವಧಿ ತೀರಿದವನನ್ನು ಬೀಳ್ಕೊಟ್ಟಳು. ಇಂಥವರು ಹೋಗುವಾಗ ಗಂಟುಮೂಟೆಯ ಚೂರುಪಾರನ್ನು ಹಿಂದೆ ಬಿಟ್ಟುಹೋಗುವುದುಂಟು. ಆ ಚೂರುಗಳು ಮರುದಿನವೂ ಏಳುತ್ತವೆ. ಅದಕ್ಕಾಗಿಯೇ ಅನೇಕ ತಯಾರಕರು ಬೇರೆಯಾಗಿ ಕೊಡುವ ತೆಗೆಯುವ ಸಾಧನವನ್ನು ಮೊದಲೇ ತಂದಿರಿಸಿಕೊಂಡಿದ್ದಳು. ರೀಸ್ಟಾರ್ಟ್ ಆಯಿತು. ರಾಯರು ಬರೆದರು: ೩ ನಿಮಿಷ ೪೦ ಸೆಕೆಂಡು.

ಉಳಿದ ಕಾವಲುಗಾರನಿಗೆ ಯಂತ್ರ ಎದ್ದ ಕೂಡಲೇ ಮನೆಯನ್ನೆಲ್ಲ ತಡಕಬೇಕೆಂದು ಅಪ್ಪಣೆಯಿತ್ತು. ಆ ಪೂರ್ಣ ತಪಾಸಣೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಬದಲಾಯಿಸಿದಳು; ಬಾಗಿಲಲ್ಲಿ ಬಂದವರನ್ನು ನೋಡುವ ಕೆಲಸವನ್ನು ಮಾತ್ರ ಹಾಗೆಯೇ ಬಿಟ್ಟಳು. ರೀಸ್ಟಾರ್ಟ್: ೨ ನಿಮಿಷ ೫೦ ಸೆಕೆಂಡು. ಕರೆಯದೆ ಬಂದು ಹಾಜರಿ ಹಾಕುತ್ತಿದ್ದ ನಾಲ್ಕೈದು ಪ್ರೋಗ್ರಾಮುಗಳಿಗೆ ರಜೆ ಕೊಟ್ಟಳು. ರೀಸ್ಟಾರ್ಟ್: ೨ ನಿಮಿಷ ೧೫ ಸೆಕೆಂಡು. ಇನ್ನುಳಿದದ್ದು ಡಿಸ್ಕಿನ ವೃದ್ಧಾಪ್ಯ. ಮರುವಾರ ಅದರ ಜಾಗಕ್ಕೆ ಎಸ್‌ಎಸ್‌ಡಿ ಬಂದಿತು. ಖರ್ಚು ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು. ರಾಯರ ಕೊನೆಯ ದಾಖಲೆ ೪೦ ಸೆಕೆಂಡು. ಅದರ ಕೆಳಗೆ ಅವರು ಹಳೆಯ ಅಭ್ಯಾಸದಂತೆ ಎರಡು ಗೆರೆ ಎಳೆದು ಸಹಿ ಹಾಕಿದರು.

ರಾಯರ ಮನೆಯಲ್ಲಿ ಕಾವಲುಗಾರನ ಮೇಲಿನ ಅಪವಾದ ಅರ್ಧ ನಿಜ, ಅರ್ಧ ಸುಳ್ಳಾಯಿತು. ಹಾಗೆಂದು ಕಾವಲುಗಾರರೆಲ್ಲ ನಿರ್ದೋಷಿಗಳೆಂದು ತೀರ್ಮಾನಿಸುವಂತಿಲ್ಲ. ಬಾಗಿಲಲ್ಲಿ ನಿಲ್ಲುವವನಿಗೆ ಬಾಗಿಲು ಮುಚ್ಚುವ ಅಧಿಕಾರವೂ ಇರುತ್ತದೆ. ೨೦೧೦ರ ಏಪ್ರಿಲ್ ೨೧ರಂದು ಮೆಕಾಫೀ ಸಂಸ್ಥೆ ಕಳುಹಿಸಿದ ಗುರುತುಪಟ್ಟಿಯೊಂದು, ವಿಂಡೋಸ್ ಎಕ್ಸ್‌ಪಿಯ ಅತ್ಯವಶ್ಯವಾದ ಕಡತವೊಂದನ್ನೇ ವೈರಸ್ಸೆಂದು ತಿಳಿಯಿತು. ಎಷ್ಟೋ ಕಂಪ್ಯೂಟರುಗಳು ಏಳುವುದು, ಬೀಳುವುದು, ಮತ್ತೆ ಏಳುವುದು ಎಂದು ದಿನವಿಡೀ ಒದ್ದಾಡಿದವು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ರಕ್ಷಣಾ ಸಾಫ್ಟ್‌ವೇರಿಗೆ ಕಳುಹಿಸಿದ ದೋಷಪೂರಿತ ಕಡತವನ್ನು ಎಪ್ಪತ್ತೆಂಟು ನಿಮಿಷಗಳಲ್ಲಿ ಹಿಂದೆಗೆದುಕೊಂಡಿತು. ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ವಿಮಾನಗಳು ನಿಂತವು, ಭಾರತದ ಕೆಲವು ವಿಮಾನನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನು ಹಿಡಿದು ಬರೆದುಕೊಡಬೇಕಾಯಿತು. ಕಳ್ಳನಿಲ್ಲದ ಮನೆಯಲ್ಲಿ ಕಾವಲುಗಾರನೇ ಬಾಗಿಲಿಗೆ ಅಡ್ಡ ಮಲಗಿದ್ದ. ಅನೇಕ ಯಂತ್ರಗಳಲ್ಲಿ ಮನುಷ್ಯರೇ ಸೇಫ್ ಮೋಡಿನ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಆ ಒಂದು ಕಡತವನ್ನು ಅಳಿಸಬೇಕಾಯಿತು.

ಕಾವಲುಗಾರನಿಂದ ಆಗದ ಕೆಲಸವೂ ಒಂದಿದೆ. ವನ್ನಾಕ್ರೈ ನುಗ್ಗಿದ್ದು ವಿಂಡೋಸಿನ ಗೋಡೆಯ ಬಿರುಕೊಂದರಿಂದ. ಆಗ ಬಳಕೆಯಲ್ಲಿದ್ದ ಹೊಸ ಆವೃತ್ತಿಗಳಿಗೆ ಆ ಬಿರುಕಿನ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ ೧೪ರಂದೇ ಕೊಟ್ಟಿತ್ತು. ಹಾಕಿಕೊಳ್ಳದವರ ಸಂಖ್ಯೆಯೇನೂ ಕಡಿಮೆಯಿರಲಿಲ್ಲ. ವಿಂಡೋಸ್ ೧೦ಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದ ಇಂಥ ತೇಪೆಗಳ ಅವಧಿ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಗೋಡೆ ಶಿಥಿಲವಾಗಿರುವಾಗ ಬಾಗಿಲಿಗೆ ಇನ್ನೊಬ್ಬ ಕಾವಲುಗಾರನನ್ನು ನೇಮಿಸುವುದು ಜಾಣತನವಲ್ಲ.

ಕಾವಲು ಎಂದೂ ಪುಕ್ಕಟೆಯಾಗಿ ಬರುವುದಿಲ್ಲ. ರಾತ್ರಿ ಬೀದಿಯಲ್ಲಿ ಕೋಲು ಕುಟ್ಟುವ ಗೂರ್ಖನಿಗೆ ತಿಂಗಳಿಗೊಮ್ಮೆ ಹಣ ಸಲ್ಲುತ್ತದೆ. ಕಂಪ್ಯೂಟರಿನ ಕಾವಲುಗಾರನು ತನ್ನ ಸಂಬಳವನ್ನು ಪ್ರತಿದಿನ ಬೆಳಿಗ್ಗೆ ಸೆಕೆಂಡುಗಳಲ್ಲಿ ಎಣಿಸಿಕೊಳ್ಳುತ್ತಾನೆ. ಕೊಡಬೇಕಾದ ಸಂಬಳವನ್ನು ಗೊಣಗದೆ ಕೊಡಬೇಕು. ಒಂದು ಬಾಗಿಲಿಗೆ ಇಬ್ಬರು ಸಂಬಳ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಆಗಾಗ ಲೆಕ್ಕ ನೋಡಬೇಕು. ಎಲ್ಲಕ್ಕಿಂತ ಮೊದಲು, ಕಾವಲು ಕಾಯಿಸುವಷ್ಟು ಬೆಲೆಬಾಳುವುದು ಮನೆಯೊಳಗೆ ಏನಿದೆಯೆಂದು ಒಮ್ಮೆ ನೆನೆದು, ಅದರದೊಂದು ಪ್ರತಿಯನ್ನು ಬೇರೆಡೆ ಎತ್ತಿಡಬೇಕು. ಶಾಪ ಕೊಡುವುದು ಸುಲಭ; ಸಿಟ್ಟಿನಲ್ಲಿ ಕೊಟ್ಟ ಶಾಪಕ್ಕಾಗಿ ಸನಕಾದಿಗಳಂಥವರೇ ಆಮೇಲೆ ನೊಂದುಕೊಂಡರೆಂದು ಪುರಾಣ ಹೇಳುತ್ತದೆ. ಗಡಿಯಾರವನ್ನೂ ಪೆನ್ಸಿಲನ್ನೂ ಮುಂದಿಟ್ಟುಕೊಂಡವರಿಗೆ ಶಾಪದ ಅಗತ್ಯವೇ ಬೀಳುವುದಿಲ್ಲ.